ಬೀದಿಯ ಹಳೇ ಕಾಗದ ಕಾಪಿಡುವ ಜಾಗಕ್ಕೆ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಮೈಸೂರಿನ ನಮ್ಮ ಬೀದಿಯಲ್ಲಿ ಒಂದು ಬಿಟ್ಟಿ ಪುಸ್ತಕದ ಕಪಾಟಿದೆ. ಬೇಕಾದ್ದು ಒಯ್ದು ಓದಬಹುದು, ವಾಪಸ್ ತರದಿದ್ದರೂ ಯಾರೂ ಕೇಳುವುದಿಲ್ಲ. ಧೂಳು ಒರೆಸುವುದು, ಗೆದ್ದಲು ನೋಡುವುದು, ಹಳೇ ಗೈಡುಗಳನ್ನು ರದ್ದಿಗೆ ಹಾಕುವುದು ನನ್ನ ಪಾಲಿನ ಕೆಲಸ. ಇದಕ್ಕೆ ಹೆಸರಿನ ತೊಂದರೆ ಇಲ್ಲ. ‘ಪುಸ್ತಕದ ಕಪಾಟು’ ಅಂದರೆ ಸಾಕು.

ತೊಂದರೆ ಒಳಕೋಣೆಯ ಬೀರುವಿನದು. ಅದರಲ್ಲಿ ಬೀದಿಯವರ ಹಳೇ ಕಾಗದಗಳನ್ನು ಸೇರಿಸುತ್ತಿದ್ದೇವೆ: ಲಗ್ನಪತ್ರಿಕೆ, ಗಣೇಶನ ಚಂದಾ ರಸೀದಿ, ಶಾಲೆಯ ಗುಂಪು ಫೋಟೊ, ಮುಚ್ಚಿಹೋದ ಅಂಗಡಿಯ ಬಿಲ್ಲು. ಇವನ್ನು ಅಲ್ಲೇ ನೋಡಬೇಕು, ಒಯ್ಯುವಂತಿಲ್ಲ. ಹಳೇ ದಾಖಲೆ ಕಾಪಿಡುವ ಸರ್ಕಾರದ ಇಲಾಖೆಯೇ ‘ರಾಜ್ಯ ಪತ್ರಾಗಾರ’ ಅಲ್ವಾ ಅಂತ ನಾವೂ ‘ಬೀದಿ ಪತ್ರಾಗಾರ’ ಅಂತ ಚೀಟಿ ಅಂಟಿಸಿದೆವು. ಕೆಲವರು ಹಳೇ ದಿನಪತ್ರಿಕೆಯ ಕಟ್ಟು ತಂದಿಟ್ಟರು. ಒಬ್ಬರು ಇಲ್ಲಿ ಖಾತಾ ಅರ್ಜಿ ಬರೆದುಕೊಡ್ತೀರಾ ಅಂತ ಕೇಳಿದರು. ಅದೇ ಅರ್ಥದ ‘ಅಭಿಲೇಖಾಲಯ’ ಅಂದಿದ್ದರೆ ಯಾರೂ ಹತ್ತಿರವೇ ಸುಳಿಯುತ್ತಿರಲಿಲ್ಲ, ಬಿಡಿ.

ನನ್ನ ಆಸೆ ಮೊದಲು ಹೋದದ್ದು ‘ಭಂಡಾರ’ದ ಕಡೆ. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನದಲ್ಲಿ ಘಟಿಕಾಸ್ಥಾನದ, ಅಂದರೆ ಆ ಕಾಲದ ವಿದ್ಯಾಕೇಂದ್ರದ, ಪುಸ್ತಕ ನೋಡಿಕೊಳ್ಳುವವರನ್ನು ಸರಸ್ವತೀ ಭಂಡಾರಿಗರು ಅಂದಿದ್ದಾರೆ. ಎಂಥ ಸೊಗಸಾದ ಕೆಲಸದ ಹೆಸರು! ಆದರೆ ಈಗ ಬೋರ್ಡಿನ ಮೇಲೆ ‘ಭಂಡಾರ’ ಅಂದರೆ ಬಟ್ಟೆ ಅಂಗಡಿಯೋ ಸಿಹಿ ಅಂಗಡಿಯೋ ಅಂದುಕೊಳ್ಳುತ್ತಾರೆ. ಉತ್ತರ ಕರ್ನಾಟಕದವರಿಗಂತೂ ಅದು ಜಾತ್ರೆಯಲ್ಲಿ ಎರಚುವ ಅರಿಶಿನ.

‘ಕಡತ’ ಇನ್ನೂ ಹತ್ತಿರದ್ದು. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಲ್ಲಿ ಬರೆಯುತ್ತಿದ್ದ ಕಪ್ಪು ಪುಸ್ತಕ ಅದು. ಅಂಗಡಿ ಲೆಕ್ಕ, ಊರ ಲೆಕ್ಕ, ಶೃಂಗೇರಿ ಮಠದ ದಾಖಲೆ ಎಲ್ಲವೂ ಅದರಲ್ಲೇ ಇರುತ್ತಿದ್ದವು. ಒರೆಸಿ ಮತ್ತೆ ಬರೆಯಬಹುದಿತ್ತು. ಕಾಪಿಡುವ ಜಾಗಕ್ಕೆ ಅಳಿಸಬಲ್ಲ ವಸ್ತುವಿನ ಹೆಸರು ಸರಿಯೇ ಅಂತ ಒಂದು ಅನುಮಾನ. ಅದಿರಲಿ, ಈಗಿನವರಿಗೆ ಕಡತ ಅಂದರೆ ಕಚೇರಿಯಲ್ಲಿ ಮುಂದಕ್ಕೆ ಹೋಗದ ಫೈಲು. ‘ದಫ್ತರ’ಕ್ಕೂ ಅದೇ ಕಚೇರಿ ವಾಸನೆ. ‘ಸಂಗ್ರಹ’ ಸುಲಭ, ಆದರೆ ನಾಣ್ಯ, ಅಂಚೆಚೀಟಿ ಗುಡ್ಡೆ ಹಾಕುವುದೂ ಸಂಗ್ರಹವೇ. ಒಯ್ಯಬೇಡಿ, ಇದು ಇಲ್ಲೇ ಉಳಿಯಬೇಕು ಅನ್ನುವುದು ಅದರಲ್ಲಿ ಬರುವುದಿಲ್ಲ.

ನನಗೆ ಸದ್ಯ ಹಿಡಿಸಿರುವುದು ‘ಬೀದಿ ಜೋಪಾನ’. ‘ಜೋಪಾನವಾಗಿಡಿ’ ಅಂತ ಹೇಳಿಯೇ ಜನ ಫೋಟೊ ಕೈಗೆ ಕೊಡುವುದು. ಆದರೆ ‘ಜೋಪಾನ’ವನ್ನು ಹೀಗೆ ಜಾಗದ ಹೆಸರಾಗಿ ಬಳಸಿದರೆ ಕಿವಿಗೆ ಒಗ್ಗುತ್ತದೆಯೇ? ‘ಜೋಪಾನದ ಬೀರು’ ಅಂದರೆ ಸರಿಹೋಗುತ್ತದೆಯೇ?

ಜೊತೆಗೆ ಇನ್ನೊಂದು ಪದ ಬೇಕು. ಫೋಟೊ ಬಂದ ಕೂಡಲೇ ಅದರಲ್ಲಿರುವವರು ಯಾರು, ಯಾವ ವರ್ಷ, ಕೊಟ್ಟವರು ಯಾರು ಅಂತ ಒಂದು ಚೀಟಿ ಬರೆದು ಜೊತೆಗಿಡುತ್ತೇವೆ. (ಫೋಟೊ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಅಚ್ಚು ಮುಂದಕ್ಕೆ ಮೂಡುತ್ತದೆ. ಪಿನ್ನೂ ಬೇಡ, ತುಕ್ಕು ಹಿಡಿಯುತ್ತದೆ.) ‘ಅಡಿಬರಹ’ ಅಂದರೆ ಪೇಪರಿನಲ್ಲಿ ಚಿತ್ರದ ಕೆಳಗಿನ ಸಾಲು. ‘ಟಿಪ್ಪಣಿ’ ಯಾವುದಕ್ಕೂ ಆಗುತ್ತದೆ. ಊರಿನ ಹಿರಿಯರು ಹೇಳಿದ್ದನ್ನು ಬರೆದಿಟ್ಟ ಹಳೇ ದಾಖಲೆಗೆ ‘ಕೈಫಿಯತ್ತು’ ಅನ್ನುತ್ತಿದ್ದರಲ್ಲ, ಅದನ್ನೇ ಈ ಚೀಟಿಗೂ ಹೇಳಿದರೆ ತೀರಾ ಭಾರವಾಯಿತೇ?

ಕರಾವಳಿ, ಮಲೆನಾಡು, ಬೆಳಗಾವಿ ಕಡೆಯವರು ದಯವಿಟ್ಟು ತಿಳಿಸಿ. ಮನೆಯ ಹಳೇ ಪತ್ರಗಳನ್ನು ಇಡುವ ಪೆಟ್ಟಿಗೆಗೆ ನಿಮ್ಮ ಅಜ್ಜಿ, ಅಮ್ಮ ಏನನ್ನುತ್ತಿದ್ದರು? ನಿಘಂಟಿನ ಪದಕ್ಕಿಂತ ಮನೆಯ ಪದವೇ ಬೇಕು.