ಪದ ಬೇಕು: ಸರ್ಕ್ಯೂಟ್ ಟ್ರೇನಿಂಗ್, ಪೋಶ್ಚರ್, ಬ್ಯಾಲೆನ್ಸ್ (ನಾಳೆ ಸಂಜೆಯೊಳಗೆ)

ಗೆಳೆಯರೇ,

ಒಂದು ಜಿಮ್ಮಿನ ಗೋಡೆಗೆ ಮೂರು ಫಲಕ ಬರೆದುಕೊಡಬೇಕು. ನಾಳೆ ಸಂಜೆ ಪೇಂಟರ್ ಬರುತ್ತಾರೆ.

ಸರ್ಕ್ಯೂಟ್ ಟ್ರೇನಿಂಗ್ ಅಂದರೆ ಎಂಟು ಹತ್ತು ಕಡೆ ಒಂದೊಂದು ಕಸರತ್ತು. ಒಂದು ಕಡೆ ಮುಕ್ಕಾಲು ನಿಮಿಷ, ತಕ್ಷಣ ಮುಂದಿನದಕ್ಕೆ. ಇಲ್ಲಿ ತೋಳಿಗೆ ಕೆಲಸವಾದರೆ ಅಲ್ಲಿ ಕಾಲಿಗೆ. ಅಷ್ಟರಲ್ಲಿ ತೋಳು ಸುಧಾರಿಸಿಕೊಳ್ಳುತ್ತದೆ, ಎದೆಬಡಿತ ಮಾತ್ರ ಪೂರ್ತಿ ಇಳಿಯುವುದಿಲ್ಲ. ಎಲ್ಲ ಮುಗಿದ ಮೇಲೆ ಮತ್ತೆ ಮೊದಲಿನಿಂದ. ವಿದ್ಯುನ್ಮಂಡಲದ ನೆನಪಲ್ಲಿ 'ಮಂಡಲ ತರಬೇತಿ' ಅಂತ ಬರೆದೆ. ಓದಿದವರು "ಪಂಚಾಯ್ತಿ ಸದಸ್ಯರಿಗಾ?" ಅಂದರು.

ಪೋಶ್ಚರ್‌ಗೆ 'ಭಂಗಿ'ಯೋ 'ನಿಲುವೋ'? ಬ್ಯಾಲೆನ್ಸಿಗೆ 'ಸಮತೋಲನ' ಇದೆ ನಿಜ. ಆದರೆ ಒಂಟಿಕಾಲಲ್ಲಿ ನಿಂತವರು ಅದನ್ನು ಓದಿ ಮುಗಿಸುವುದರೊಳಗೆ ಬೀಳುತ್ತಾರೆ.

— ಸು.

*

> 'ಭಂಗಿ'ಯೋ 'ನಿಲುವೋ'

ಭಂಗಿ ಬೇಡ. ಅದರ ಬೇರು 'ಭಂಜ್', ಮುರಿ ಎಂದು. ಬೆನ್ನು ಸರಿಮಾಡಿಕೊಳ್ಳಲು ಬಂದವರ ಎದುರು ಮುರಿಯುವ ಮಾತೇ? 'ಮೈನಿಲುವು' ಎನ್ನಿ.

ಬ್ಯಾಲೆನ್ಸಿಗೆ 'ಆಯ'. "ಆಯ ತಪ್ಪಿ ಬಿದ್ದ" ಎಂದು ದಿನಾ ಹೇಳುತ್ತೇವೆ, ಬರೆಯಲು ಕೂತಾಗ ಮಾತ್ರ ಸಮತೋಲನ ನೆನಪಾಗುತ್ತದೆ. ಸರ್ಕ್ಯೂಟಿಗೆ 'ಸುತ್ತುತಾಲೀಮು'. ಎಲ್ಲೂ ಎರವಲಿನ ಹಂಗಿಲ್ಲ.

— ರಾ.

*

ಮೇಷ್ಟ್ರೇ, ತಾಲೀಮು ಅರಬ್ಬಿ. ಕಸರತ್ತೂ ಅರಬ್ಬಿಯದೇ, ಹಿಂದೂಸ್ತಾನಿ ದಾರಿಯಲ್ಲಿ ಬಂದದ್ದು. ಸಂಸ್ಕೃತಕ್ಕೆ ಬಾಗಿಲು ಹಾಕಿ ಅರಬ್ಬಿಗೆ ಕಿಟಕಿ ತೆರೆದಿಟ್ಟರೆ ಅದ್ಯಾವ ಮಡಿ? ಸುಮ್ನೆ 'ಸರ್ಕ್ಯೂಟ್' ಅಂತಲೇ ಬರೆಯಿರಿ. ಬಸ್ಸು, ಬೆಂಚು ಅರಗಿಸಿಕೊಂಡ ನುಡಿಗೆ ಇದೇನು ಭಾರವೇ.

ಭಂಗಿ ಬೇಡ ಅನ್ನುವುದನ್ನು ಒಪ್ಪುತ್ತೇನೆ, ಕಾರಣ ಬೇರೆ. 'ಒಳ್ಳೆಯ ಭಂಗಿ ಇಲ್ಲಿ ಕಲಿಯಿರಿ' ಅಂತ ಬರೆದರೆ ಸೊಪ್ಪಿನ ಗಿರಾಕಿಗಳು ಬಂದಾರು.

ಅಂದಹಾಗೆ, ಆಯವ್ಯಯದ ಆಯ ಸಂಸ್ಕೃತ ಅಲ್ವಾ?

— ವಿ.

*

ಅದು ವರಮಾನ, ಇದು ಹದ. ಬೆರೆಸಬೇಡಿ.

ಎಂದೋ ಬಂದು ಬಾಯಿಗೆ ಒಗ್ಗಿದ ಪದ ಬೇರೆ, ಇವತ್ತು ಸೋಮಾರಿತನಕ್ಕೆ ಎಳೆದು ತರುವ ಪದ ಬೇರೆ. ಇದನ್ನು ಎಷ್ಟು ಸಲ ಹೇಳಬೇಕು?

— ರಾ.

*

'ಎಂದೋ' ಅಂದರೆ ಎಂದು? ಬಾಗಿಲು ಮುಚ್ಚಿದ ತಾರೀಖು ತಿಳಿಸಿ.

— ವಿ.

*

ನಾನು ಕಸರತ್ತು ಹೇಳಿಕೊಡುವವಳು. ನಿಮ್ಮ ಜಗಳದ ಮಧ್ಯೆ ನಾಲ್ಕು ಮಾತು.

ಸರ್ಕ್ಯೂಟನ್ನು 1953ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಗನ್ ಮತ್ತು ಆಡಮ್ಸನ್ ರೂಪಿಸಿದರು. ಆಗ 9ರಿಂದ 12 ಕಸರತ್ತು ಇರುತ್ತಿದ್ದವು. ಅವರು ಇಟ್ಟ ಹೆಸರಿನ ಲ್ಯಾಟಿನ್ ಬೇರು 'ಸುತ್ತಿ ಬರು' ಅನ್ನುವುದೇ. ಹಾಗಾಗಿ 'ಸುತ್ತು' ಸಾಕು, ಬಾಲಕ್ಕೆ ತಾಲೀಮು ಬೇಡ. ಮಾಡುವವರೂ "ಇನ್ನೆಷ್ಟು ಸುತ್ತು?" ಅಂತಲೇ ಗೋಗರೆಯುವುದು. ಒಂದೊಂದು ಸ್ಟೇಷನ್ನಿಗೆ 'ನಿಲ್ದಾಣ' ಅನ್ನಬೇಡಿ, ಬಸ್ಸು ಬರುತ್ತದೆ. ಆಟದ ಪಟದಲ್ಲಿ ಚೌಕಕ್ಕೆ 'ಮನೆ' ಅನ್ನುವುದಿಲ್ಲವೇ? ಅದೇ ಇರಲಿ.

ಮೈನಿಲುವು ಅರ್ಧ ಸರಿ. ಪೋಶ್ಚರ್ ಕೂತಾಗಲೂ ಇರುತ್ತದೆ, ಮಲಗಿದಾಗಲೂ. ನಿಲುವನ್ನಂತೂ ಪತ್ರಿಕೆಗಳು ರಾಜಕೀಯ ಪಕ್ಷಗಳಿಗೆ ಬರೆದುಕೊಟ್ಟುಬಿಟ್ಟಿವೆ. 'ನೆಟ್ಟಗೆ ನಿಲ್ಲಿ' ಅಂದರೆ ಇನ್ನೊಂದು ಫಜೀತಿ. ಜನ ಎದೆ ಉಬ್ಬಿಸಿ ಕೋಲಿನ ಹಾಗೆ ಸೆಟೆದುಕೊಳ್ಳುತ್ತಾರೆ. ಬೆನ್ನುಮೂಳೆ ಕೋಲಲ್ಲ. ಕುತ್ತಿಗೆ ಮತ್ತು ಸೊಂಟದ ಹತ್ತಿರ ಒಳಕ್ಕೆ ಬಾಗಿದೆ, ನಡುಬೆನ್ನಲ್ಲಿ ಹೊರಕ್ಕೆ. ಆ ಬಾಗು ಉಳಿಯಬೇಕು, ಕಿವಿ ಹೆಗಲಿನ ನೇರಕ್ಕೆ ಬರಬೇಕು. ಇಷ್ಟನ್ನೂ ಒಂದು ನಾಮಪದದಲ್ಲಿ ತುಂಬಿಸುವ ಹಟ ಯಾಕೆ? 'ಕುಗ್ಗದೆ ನಿಲ್ಲಿ, ಕುಸಿಯದೆ ಕೂರಿ' ಅಂತ ಬರೆಯಿರಿ.

ಆಯ ನನಗೂ ಇಷ್ಟವಾಯಿತು. ಇವತ್ತು ಬೆಳಿಗ್ಗೆ ಪರೀಕ್ಷೆ ಮಾಡಿದೆ. "ಈಗ ಆಯದ ಕಸರತ್ತು" ಅಂದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. "ಆಯ ತಪ್ಪದ ಹಾಗೆ ಒಂಟಿಕಾಲಲ್ಲಿ ನಿಲ್ಲಿ" ಅಂದ ಕೂಡಲೇ ಎಲ್ಲರ ಕಾಲೂ ಮೇಲೆದ್ದಿತು. ಇದು 'ತಪ್ಪು' ಜೊತೆಗಿದ್ದರೆ ಮಾತ್ರ ಉಸಿರಾಡುವ ಪದ, ಮೇಷ್ಟ್ರೇ. ಆಮೇಲೆ ಕಣ್ಣು ಮುಚ್ಚಿಸಿದೆ. ಅರ್ಧ ಜನ ಗೋಡೆ ಹಿಡಿದರು. ಕಣ್ಣು, ಒಳಗಿವಿ, ಕೀಲು ಸ್ನಾಯುಗಳ ಸುಳಿವು, ಮೂರೂ ಸೇರಿ ನಮ್ಮನ್ನು ನಿಲ್ಲಿಸುವುದು. ಕಣ್ಣು ಕೈಬಿಟ್ಟರೆ ಉಳಿದೆರಡಕ್ಕೆ ದುಡಿಮೆ ಜಾಸ್ತಿ. ಫಲಕದಲ್ಲಿ 'ಗೋಡೆಯ ಹತ್ತಿರ' ಅಂತ ಸೇರಿಸಿ. ಪದಕ್ಕಿಂತ ಅದು ಮುಖ್ಯ.

— ಮ.

*

'ತಪ್ಪು' ಇಲ್ಲದೆ ನಿಲ್ಲದು ಎಂಬುದು ಬಳಸದವರ ಕುಂಟುನೆಪ. ಬಳಸಿದರೆ ನಿಲ್ಲುತ್ತದೆ.

— ರಾ.

*

ಎಲ್ಲರಿಗೂ ವಂದನೆ. ಪೇಂಟರ್ ಬಂದು ಬರೆದು ಹೋದರು:

ಸುತ್ತು: 8 ಮನೆ, 3 ಸಲ
ಕುಗ್ಗದೆ ನಿಲ್ಲಿ, ಕುಸಿಯದೆ ಕೂರಿ
ಗೋಡೆಯ ಹತ್ತಿರ, ಆಯ ತಪ್ಪದಂತೆ: ಒಂಟಿಕಾಲು, 30 ಸೆಕೆಂಡ್

ಎರವಲಿನ ಜಗಳ ಮುಂದುವರಿಸುವವರು ದಯವಿಟ್ಟು ಬೇರೆ ತಲೆಬರಹ ಕೊಡಿ.

— ಸು.

*

ಒಂಟಿಗಾಲು. ಆದೇಶಸಂಧಿ.

— ರಾ.

*

ಬಣ್ಣ ಒಣಗಿದೆ ಮೇಷ್ಟ್ರೇ.

— ಸು.