ಗೂಡ್ಸ್ ವ್ಯಾನಿನಲ್ಲಿ ಹಾಸಿಗೆ, ಅಡುಗೆ ಮಾಡಿಕೊಂಡು ಊರು ಸುತ್ತಬೇಕು: ಬಳ್ಳಾರಿ ಬಿಸಿಲಿಗೆ ಆಗುತ್ತಾ? ಅನುಭವ ಇದ್ದವರು ಹೇಳಿ

ಕೇಳಿದವರು, ಬಳ್ಳಾರಿ

ನಮ್ಮದು ಜೀನ್ಸ್ ಬಂಡಲ್ ಸಾಗಿಸುತ್ತಿದ್ದ ಮುಚ್ಚಿದ ವ್ಯಾನ್. ಯೂನಿಟ್‌ಗೆ ಬೇರೆ ಗಾಡಿ ಬಂದ ಮೇಲೆ ಇದು ಖಾಲಿ ನಿಂತಿದೆ. ಹಿಂದೆ ಹಾಸಿಗೆ, ಸಣ್ಣ ಅಡುಗೆ ಕಟ್ಟೆ, ಫ್ಯಾನು ಮಾಡಿಸಿಕೊಂಡು ನಾನು, ಹೆಂಡತಿ, ಅವ್ವ ಮೂವರೂ ತಿರುಗಾಡಬೇಕು ಅಂತ ಆಸೆ. ಮೊದಲು ಸಂಡೂರು, ಆನೆಗೊಂದಿ. ಆಮೇಲೆ ಕರಾವಳಿ ತನಕ. ವಿಡಿಯೊದಲ್ಲಿ ನೋಡಿದ್ದೆಲ್ಲ ಚಳಿ ದೇಶದ ಗಾಡಿಗಳು. ನಮ್ಮ ಬಿಸಿಲಿಗೆ ಅದೆಲ್ಲ ನಡೆಯುತ್ತಾ? ಎಸಿ ಹಾಕಬಹುದಾ? ಬಡಗಿಗೆ ಅಡ್ವಾನ್ಸ್ ಕೊಡುವ ಮುಂಚೆ ಏನೇನು ನೋಡಬೇಕು?

ಕೊಪ್ಪಳದಿಂದ

ಅಣ್ಣಾ, ಬಡಗಿ ಆಮೇಲೆ. ಮೊದಲು ಆರ್‌ಸಿ ತೆಗೆದು ಸೀಟು ಎಷ್ಟು ಬರೆದಿದೆ ನೋಡಿ. ಸಣ್ಣ ಗೂಡ್ಸ್ ವ್ಯಾನ್ ಅಂದರೆ ಸಾಮಾನ್ಯವಾಗಿ ಡ್ರೈವರ್ ಸೇರಿ ಇಬ್ಬರಿಗೇ ಜಾಗ. ಅವ್ವನನ್ನು ಹಿಂದಿನ ಹಾಸಿಗೆ ಮೇಲೆ ಕೂರಿಸಿಕೊಂಡು ಗಾಡಿ ಓಡಿಸುವ ಹಾಗಿಲ್ಲ. ಪೊಲೀಸರ ಮಾತು ಬಿಡಿ, ಜೋರಾಗಿ ಬ್ರೇಕ್ ಹೊಡೆದರೆ ವಯಸ್ಸಾದ ಜೀವಕ್ಕೆ ಹಿಡಿದುಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ.

ಎರಡನೆಯದು ಅನುಮತಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿನ ಬಗ್ಗೆಯೇ ಇದೆ. ಕಂಪನಿ ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಹಾಗಂತ ದಾರಿಯೇ ಇಲ್ಲ ಅಂತಲ್ಲ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಅನ್ನುವ ವರ್ಗ ಕೇಂದ್ರ ಸರ್ಕಾರದ ಪಟ್ಟಿಯಲ್ಲೇ ಇದೆ, ಒಳಗೇ ಉಳಿದುಕೊಳ್ಳುವ ಹಾಗೆ ಮಾಡಿದ ಗಾಡಿಗೆ, ಅಂದರೆ ಮೋಟಾರ್ ಕ್ಯಾರವಾನ್‌ಗೆ, ಎಐಎಸ್-124 ಅನ್ನುವ ಮಾನದಂಡವೂ ಇದೆ. ಆರ್‌ಟಿಒ ಕಚೇರಿಯಲ್ಲಿ ಕೇಳಿ, ಬರಹದಲ್ಲಿ ಒಪ್ಪಿಗೆ ಸಿಕ್ಕ ಮೇಲೆಯೇ ಕಿಟಕಿ ಕೊರೆಯಿರಿ. ಇನ್ಶೂರೆನ್ಸ್ ಕಂಪನಿಗೂ ತಿಳಿಸಿ. ಹೇಳದೆ ಮಾಡಿಸಿದರೆ ನಾಳೆ ಏನಾದರೂ ಆದಾಗ ಕ್ಲೇಮ್ ತಿರಸ್ಕರಿಸಲು ಅವರಿಗೆ ಅದೊಂದೇ ಸಾಕು.

ನನ್ನನ್ನು ಕೇಳಿದರೆ, ಮೂವರೂ ಹೋಗುವುದು ಖಚಿತ ಅಂದರೆ ಈ ಗಾಡಿ ಮಾರಿ ಐದು ಸೀಟಿನ ಪ್ಯಾಸೆಂಜರ್ ವ್ಯಾನ್ ತಗೊಳ್ಳಿ. ಸೀಟು ಹಾಗೇ ಇರಲಿ. ಹಿಂದೆ ಎತ್ತಿ ಇಳಿಸುವ ಪೆಟ್ಟಿಗೆ ಇಟ್ಟು, ರಾತ್ರಿ ಸೀಟಿನ ಬೆನ್ನು ಮಡಚಿ ಮೇಲೆ ಹಲಗೆ ಎಳೆದರೆ ಹಾಸಿಗೆ ಆಗುತ್ತದೆ. ಗಾಡಿಯ ಬಾಡಿಯಲ್ಲಿ ಒಂದು ತೂತೂ ಬೀಳುವುದಿಲ್ಲ. ಗಂಡ ಹೆಂಡತಿ ಇಬ್ಬರೇ ಅಂದರೆ ಇರುವ ಗಾಡಿಯ ಬಗ್ಗೆಯೇ ಆರ್‌ಟಿಒದಲ್ಲಿ ಕೇಳಬಹುದು.

ರಾಯಚೂರಿನಿಂದ

ಪೇಪರ್ ವಿಷಯ ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು ಬಿಸಿಲಿನ ಬಗ್ಗೆ ಹೇಳುತ್ತೇನೆ. ನಮ್ಮ ಮೂರು ಜಿಲ್ಲೆಯಲ್ಲಿ ಗಾಡಿ ಮಾಡಿಸುವುದು ಅಂದರೆ ಅರ್ಧ ಕೆಲಸ ಅದೇ.

ಚಳಿ ದೇಶದವರು ಒಳಗಿನ ಬಿಸಿ ಹೊರಗೆ ಹೋಗದ ಹಾಗೆ ಗೋಡೆಯನ್ನೆಲ್ಲ ತುಂಬುತ್ತಾರೆ. ನಮಗೆ ಬೇಕಾಗಿರುವುದು ಅದರ ಉಲ್ಟಾ. ಬಿಸಿ ಒಳಗೆ ಬರಬಾರದು, ಬಂದದ್ದು ಸಂಜೆಗೆ ಬೇಗ ಹೋಗಬೇಕು. ಅವರದ್ದನ್ನು ನೋಡಿ ಸುಮ್ನೆ ತುಂಬಿದರೆ ಹಗಲಿಡೀ ಹಾಸಿಗೆ, ಪ್ಲೈವುಡ್ ಕುಡಿದ ಬಿಸಿ ರಾತ್ರಿಯೆಲ್ಲ ಒಳಗೇ ಕೂರುತ್ತದೆ. ಏಪ್ರಿಲ್‌ನಲ್ಲಿ ರಾತ್ರಿ ಹತ್ತಕ್ಕೆ ಹೊರಗೆ ಗಾಳಿ ತಣ್ಣಗಾಗಿರುತ್ತದೆ, ಗಾಡಿಯೊಳಗಿನ ಹಾಸಿಗೆ ಮುಟ್ಟಿದರೆ ಈಗಷ್ಟೇ ಒಲೆಯಿಂದ ಇಳಿಸಿದ ಹಂಚಿನ ಹಾಗಿರುತ್ತದೆ.

ಅದಕ್ಕೇ ನನ್ನ ಲೆಕ್ಕದಲ್ಲಿ ಮೊದಲು ನೆರಳು, ಆಮೇಲೆ ಗಾಳಿ, ಕೊನೆಗೆ ಶಾಖ ತಡೆಯುವ ಫೋಮು. ಗಾಡಿಯ ಬಣ್ಣ ಬಿಳಿ ಇರಲಿ. ಮೇಲೆ ಕ್ಯಾರಿಯರ್ ಹಾಕಿ ಸೋಲಾರ್ ಪ್ಯಾನೆಲನ್ನು ತಗಡಿಗೆ ಅಂಟಿಸದೆ ನಾಲ್ಕು ಬೆರಳು ಎತ್ತರಿಸಿ ಕೂರಿಸಿ. ಕರೆಂಟಿಗೆ ಕರೆಂಟು, ಜೊತೆಗೆ ಚಾವಣಿಗೆ ಎರಡನೇ ಚಾವಣಿ ಆಗುತ್ತದೆ. ಪ್ಯಾನೆಲಿಗೂ ಅಡಿಯಲ್ಲಿ ಗಾಳಿ ಆಡಬೇಕು, ಕಾದಷ್ಟೂ ಅದರ ಉತ್ಪತ್ತಿ ಕಡಿಮೆ.

ಗಾಳಿಗೆ ಒಂದು ತೂತು ಸಾಲದು. ತಗ್ಗಿನಲ್ಲಿ ತಂಪು ಗಾಳಿ ಒಳಗೆ ಬರಲು ಒಂದು, ಮೇಲೆ ಬಿಸಿ ಗಾಳಿ ಎಳೆದು ಹೊರಹಾಕುವ 12 ವೋಲ್ಟಿನ ಎಕ್ಸಾಸ್ಟ್ ಫ್ಯಾನ್ ಒಂದು. ಮಲಗುವ ಒಂದು ಗಂಟೆ ಮುಂಚೆಯೇ ಫ್ಯಾನ್ ಹಾಕಿ, ಎದುರುಬದುರು ಬಾಗಿಲು ತೆಗೆದಿಡಿ. ಬೇಸಿಗೆಯಲ್ಲಿ ನಮ್ಮ ಗಾಳಿ ಒಣಗಿರುವುದರಿಂದ ಗಾಳಿ ಬರುವ ಕಡೆ ಲಾವಂಚದ ಪರದೆಯೋ ಗೋಣಿಚೀಲವೋ ಕಟ್ಟಿ ನೀರು ಚಿಮುಕಿಸಿದರೆ ನಿಜವಾಗಿಯೂ ತಂಪಾಗುತ್ತದೆ. ಆದರೆ ಕರಾವಳಿಗೆ ಹೋದಾಗ ಇದು ಕೆಲಸ ಮಾಡುವುದಿಲ್ಲ. ಅಲ್ಲಿ ಗಾಳಿಯೇ ಒದ್ದೆ.

ಫೋಮಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಎಕ್ಸ್‌ಎಲ್‌ಪಿಇ ಅನ್ನುವ ಪ್ಲಾಸ್ಟಿಕ್ ಫೋಮು ಅಥವಾ ನೈಟ್ರೈಲ್ ರಬ್ಬರ್ ಶೀಟ್ ಸಿಗುತ್ತದೆ. ದುಡ್ಡು ಕಡಿಮೆ ಇದ್ದರೆ ಚಾವಣಿಗೆ ಮಾತ್ರ ಹಾಕಿ, ಪಕ್ಕದ ಗೋಡೆ ಆಮೇಲೆ. ಗೋಂದು ಮಾತ್ರ ಶಾಖ ತಡೆಯುವ ರಬ್ಬರ್ ಗೋಂದೇ ಆಗಿರಲಿ. ಸಾದಾ ಗೋಂದು ಮೇ ತಿಂಗಳಲ್ಲಿ ಮೆತ್ತಗಾಗಿ ಇಡೀ ಶೀಟ್ ತಲೆ ಮೇಲೆ ಜೋತು ಬೀಳುತ್ತದೆ.

ಇನ್ನೊಂದು ಮಾತು, ತೂಕ. 18 ಎಂಎಂ ಪ್ಲೈವುಡ್ಡಿನ 8×4 ಅಡಿ ಹಲಗೆ ಒಂದೇ 35 ಕೆ.ಜಿ. ಆಸುಪಾಸು ಬರುತ್ತದೆ. ಬಡಗಿ ಮನೆಯ ಕಪಾಟಿನ ಹಾಗೆ ಮಾಡಲು ಹೊರಡುತ್ತಾನೆ, ಬೇಡ ಅನ್ನಿ. ಮಂಚಕ್ಕೆ 12 ಎಂಎಂ, ಗೋಡೆಗೆ 6 ಎಂಎಂ ಸಾಕು. ಭಾರದ ಸಾಮಾನೆಲ್ಲ ಒಂದೇ ಪಕ್ಕಕ್ಕೆ ಬೀಳದ ಹಾಗೆ ನೋಡಿಕೊಳ್ಳಿ.

ಸಿಂಧನೂರಿನಿಂದ

ಎಸಿ ಬಿಟ್ಟುಬಿಡಿ ಸರ್. ಒಂದು ಟನ್ ಎಸಿಗೆ ಸುಮಾರು ಸಾವಿರ ವ್ಯಾಟ್ ಬೇಕು. 12 ವೋಲ್ಟ್, 100 ಎಎಚ್ (ಆಂಪಿಯರ್ ಅವರ್) ಲಿಥಿಯಂ ಬ್ಯಾಟರಿಯಲ್ಲಿ ಇರುವುದೇ ಹೆಚ್ಚುಕಡಿಮೆ 1,280 ವ್ಯಾಟ್ ಅವರ್. ಒಂದು ಗಂಟೆಗೆ ಖಾಲಿ. ಅದೇ ಬ್ಯಾಟರಿಗೆ 20 ವ್ಯಾಟಿನ ಎರಡು ಫ್ಯಾನು ಹತ್ತು ಗಂಟೆ ಓಡಿಸಿದರೂ 400 ವ್ಯಾಟ್ ಅವರ್ ಆಗುತ್ತದೆ. ಲೈಟು, ಮೊಬೈಲ್ ಸೇರಿಸಿದರೂ ಎರಡು ರಾತ್ರಿ ನಿಶ್ಚಿಂತೆ. 200 ವ್ಯಾಟ್ ಪ್ಯಾನೆಲ್, ಅದರಿಂದ ಬ್ಯಾಟರಿ ಚಾರ್ಜ್ ಮಾಡುವ ಎಂಪಿಪಿಟಿ ಕಂಟ್ರೋಲರ್ ಇದ್ದರೆ ನಮ್ಮ ಬಿಸಿಲಿಗೆ ಮರುದಿನವೇ ಆ ಖರ್ಚು ತುಂಬಿಕೊಳ್ಳುತ್ತದೆ.

ಬ್ಯಾಟರಿ ಎಲ್ಲಿಡುತ್ತೀರಿ ಅನ್ನುವುದು ಮುಖ್ಯ. ಈ ಬ್ಯಾಟರಿಗಳನ್ನು ಸಾಮಾನ್ಯವಾಗಿ 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಮಾಡಬಾರದು. ಮುಚ್ಚಿದ ಗಾಡಿ ಬಿಸಿಲಲ್ಲಿ ನಿಂತರೆ ಅಷ್ಟು ಸಲೀಸಾಗಿ ಬರುತ್ತದೆ. ಮಂಚದ ಕೆಳಗೆ, ನೆಲದ ಹತ್ತಿರ, ಎಂಜಿನ್ನಿಂದ ದೂರ, ಗಾಳಿ ಆಡುವ ಕಡೆ ಇಡಿ. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಫ್ಯೂಸ್ ಇರಬೇಕು. ಮನೆ ವೈರಿಂಗ್ ಮಾಡುವವರಿಗೆ 12 ವೋಲ್ಟಿನ ಲೆಕ್ಕ ಕೆಲವೊಮ್ಮೆ ಗೊತ್ತಿರುವುದಿಲ್ಲ. 120 ವ್ಯಾಟಿಗೇ ಹತ್ತು ಆಂಪಿಯರ್ ಹರಿಯುತ್ತದೆ, ತೆಳು ವೈರ್ ಕಾದು ಸುಡುತ್ತದೆ. ಆಟೊ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ.

ಗಂಗಾವತಿಯಿಂದ

ತಮ್ಮಾ, ನಾನು ಅಡುಗೆ ವಿಷಯ ಹೇಳುತ್ತೇನೆ, ಯಾಕಂದರೆ ಗಂಡಸರು ಯಾರೂ ಅದನ್ನು ಮುಟ್ಟಿಲ್ಲ. ಗ್ಯಾಸ್ ಒಲೆಯನ್ನು ಗಾಡಿಯೊಳಗೆ ಕಟ್ಟೆ ಕಟ್ಟಿ ಕೂರಿಸಬೇಡಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ತುಂಬುತ್ತದೆ. ನೀವು ಮಲಗುವುದೂ ಅಲ್ಲೇ ಅಲ್ವಾ? 5 ಕೆ.ಜಿ. ಸಿಲಿಂಡರ್ ಸಾಕು. ಗಾಡಿ ನಿಂತ ಮೇಲೆ ಕೆಳಗಿಳಿಸಿ, ಹಿಂದಿನ ಬಾಗಿಲ ನೆರಳಲ್ಲಿ ಅಡುಗೆ ಮಾಡಿ.

ಫ್ರಿಜ್ಜಿಗೆ ದುಡ್ಡು ಹಾಕುವ ಮುಂಚೆ ಅವ್ವನನ್ನು ಕೇಳಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮಂಡಕ್ಕಿ ಕಟ್ಟಿಕೊಂಡರೆ ವಾರಗಟ್ಟಲೆ ಏನೂ ಕೆಡುವುದಿಲ್ಲ. ಮೊಸರು, ಕಾಯಿಪಲ್ಲೆ ಆಯಾ ಊರಲ್ಲಿ ಸಿಗುತ್ತದೆ. ಕುಡಿಯುವ ನೀರಿಗೆ 20 ಲೀಟರಿನ ಎರಡು ಕ್ಯಾನ್ ಇಡಿ, ಊರೂರಿನ ಶುದ್ಧ ನೀರಿನ ಘಟಕದಲ್ಲಿ ತುಂಬಿಸಿಕೊಳ್ಳಿ. ಕೊಪ್ಪಳ, ರಾಯಚೂರು ಕಡೆ ಎಷ್ಟೋ ಬೋರ್ ನೀರಲ್ಲಿ ಫ್ಲೋರೈಡ್ ಇರುತ್ತದೆ. ಅದು ಪಾತ್ರೆ ತೊಳೆಯಲು ಮಾತ್ರ.

ಪರದೆಗೆ ನೀವು ಎಲ್ಲೂ ಹೋಗಬೇಕಿಲ್ಲ, ನಿಮ್ಮ ಯೂನಿಟ್‌ನಲ್ಲೇ ದಪ್ಪ ಜೀನ್ಸ್ ಬಟ್ಟೆ ಇದೆ. ಅಂಚಿನಲ್ಲಿ ಸಣ್ಣ ಆಯಸ್ಕಾಂತ ಇಟ್ಟು ಹೊಲಿಸಿ. ಗಾಡಿ ಬಾಡಿ ಕಬ್ಬಿಣ, ತಾನಾಗಿಯೇ ಅಂಟಿಕೊಳ್ಳುತ್ತದೆ. ಸೊಳ್ಳೆ ಪರದೆಗೂ ಇದೇ ಉಪಾಯ. ಮಾರಾಯ, ಆನೆಗೊಂದಿ ಗದ್ದೆ ಸೊಳ್ಳೆ ಸಾಮಾನ್ಯ ಅಲ್ಲ. ಹಾಸಲಿಕ್ಕೆ ದಪ್ಪ ಫೋಮಿನ ಬದಲು ಕೌದಿ ಒಯ್ಯಿರಿ, ಬೆವರು ಹೀರುತ್ತದೆ, ಒಗೆದು ಒಣಗಿಸಬಹುದು.

ಕುಷ್ಟಗಿಯಿಂದ

ನಿಲ್ಲಿಸುವ ಜಾಗದ ಬಗ್ಗೆ ಎರಡೇ ಮಾತು. ನೆರಳು ಸಿಕ್ಕಿತು ಅಂತ ಬಳ್ಳಾರಿ ಜಾಲಿ ಕೆಳಗೆ ನುಗ್ಗಿಸಬೇಡಿ, ಮುಳ್ಳು ಟೈರಿಗೆ ಹೋಗುತ್ತದೆ. ಬೇವು, ಹುಣಸೆ ನೋಡಿ. ಮೋಡ ಇದ್ದರೆ ಎರೆ ಹೊಲದ ಅಂಚಿಗೆ ಇಳಿಸಬೇಡಿ. ಒಂದು ಮಳೆ ಬಿದ್ದರೆ ಟ್ರ್ಯಾಕ್ಟರ್ ಬಂದೇ ಎಳೆಯಬೇಕು.

ಕೇಳಿದವರು, ಬಳ್ಳಾರಿ

ಎಲ್ಲರಿಗೂ ಶರಣು. ಸೀಟಿನ ವಿಷಯ ನನ್ನ ತಲೆಗೇ ಬಂದಿರಲಿಲ್ಲ, ನಾಳೆಯೇ ಆರ್‌ಟಿಒಗೆ ಹೋಗುತ್ತೇನೆ. ಇನ್ನೊಂದು ಕೇಳಲಾ? ಯೂನಿಟ್‌ನಲ್ಲಿ ಪ್ಯಾಕಿಂಗಿನ ಥರ್ಮಕೋಲ್ ಶೀಟ್ ಜಾಸ್ತಿ ಬಿದ್ದಿವೆ. ಚಾವಣಿಗೆ ಅದನ್ನೇ ಅಂಟಿಸಿದರೆ ಹೇಗೆ?

ರಾಯಚೂರಿನಿಂದ

ಬೇಡ. ಥರ್ಮಕೋಲ್‌ಗೆ ಬೆಂಕಿ ಬಲು ಬೇಗ ಹತ್ತುತ್ತದೆ. ಗಾಡಿ ಅಲುಗಾಡಿದಾಗಲೆಲ್ಲ ಕಿರ್ ಅನ್ನುತ್ತದೆ, ಕಾಳುಕಾಳಾಗಿ ಉದುರುತ್ತದೆ. ನಾನು ಹೇಳಿದ ರಬ್ಬರ್ ಗೋಂದು ಅದಕ್ಕೆ ತಾಗಿದರೆ ಶೀಟ್ ಅಲ್ಲಲ್ಲೇ ಕರಗಿ ಹಳ್ಳ ಬೀಳುತ್ತದೆ. ಇದ್ದದ್ದನ್ನು ಎಸೆಯಬೇಡಿ. ಒಂದು ಪ್ಲಾಸ್ಟಿಕ್ ಡಬ್ಬಿಗೆ ಒಳಗಡೆ ನಾಲ್ಕೂ ಕಡೆ, ತಳಕ್ಕೆ, ಮುಚ್ಚಳಕ್ಕೆ ಕತ್ತರಿಸಿ ಕೂರಿಸಿ ಟೇಪ್ ಹಚ್ಚಿ. ಬೆಳಿಗ್ಗೆ ಐಸ್ ಹಾಕಿದರೆ ಹಾಲು ಮೊಸರು ಸಂಜೆ ತನಕ ತಡೆಯುತ್ತದೆ.