ಸಹಾಯ ಬೇಕು: ಲ್ಯಾನ್ ಕೇಬಲ್ ಚುಚ್ಚಿದರೆ ಮಾತ್ರ ಸ್ಪೀಕರ್‌ನಲ್ಲಿ ಗುಂಯ್ ಸದ್ದು

ಸೆಟಪ್ ಹೀಗಿದೆ: ರೂಟರ್, 12 ಮೀಟರ್ ಕ್ಯಾಟ್ 7 ಕೇಬಲ್ (ಶೀಲ್ಡ್ ಅಂದರೆ ಲೋಹದ ಹೊದಿಕೆಯ ಲ್ಯಾನ್ ಕೇಬಲ್), ಸ್ವಿಚ್, ಮತ್ತೆ 2 ಮೀಟರ್ ಕ್ಯಾಟ್ 7, ಸ್ಟ್ರೀಮರ್ (ನೆಟ್‌ವರ್ಕ್‌ನಿಂದ ಹಾಡು ನುಡಿಸುವ ಪೆಟ್ಟಿಗೆ), ಯುಎಸ್‌ಬಿಯಲ್ಲಿ ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಸಾಧನ), ಆಂಪ್ಲಿಫೈಯರ್. ಹಾಡು ನಿಲ್ಲಿಸಿದಾಗಲೂ ಟ್ವೀಟರ್ ಹತ್ತಿರ ಕಿವಿಯಿಟ್ಟರೆ ಟಿಕ್ ಟಿಕ್, ವೂಫರ್‌ನಲ್ಲಿ ಗುಂಯ್. ಲ್ಯಾನ್ ಕೇಬಲ್ ಕಿತ್ತ ಕೂಡಲೇ ಎರಡೂ ಮಾಯ, ಬಫರ್‌ನಲ್ಲಿದ್ದ ಹಾಡು ಮಾತ್ರ ಓಡುತ್ತಲೇ ಇರುತ್ತದೆ. ಅಂದಮೇಲೆ ಡೇಟಾದಲ್ಲಿ ದೋಷವಿಲ್ಲ, ತೊಂದರೆ ತಾಮ್ರದ ದಾರಿಯಲ್ಲಿ ಬರುತ್ತಿದೆ.

ಸ್ವಿಚ್ ಬದಲಿಸಿ ನೋಡಿದ್ದಾಯಿತು, ವ್ಯತ್ಯಾಸವಿಲ್ಲ. ವೈಫೈನಲ್ಲಿ ಸದ್ದಿಲ್ಲ, ಆದರೆ 24 ಬಿಟ್ 192 ಕಿಲೋಹರ್ಟ್ಸ್‌ನ ದೊಡ್ಡ ಹಾಡಿನ ಫೈಲುಗಳು ತಡವರಿಸುತ್ತವೆ. ಕೊನೆಯ 2 ಮೀಟರ್‌ಗೆ ಶೀಲ್ಡ್ ಇಲ್ಲದ ಕ್ಯಾಟ್ 6 ಹಾಕಿದಾಗ ಗುಂಯ್ ಪೂರ್ತಿ ಹೋಯಿತು. ಕ್ಯಾಟ್ 7ರ ಶೀಲ್ಡ್ ಎರಡೂ ತುದಿಯ ಲೋಹದ ಪ್ಲಗ್ ಮೂಲಕ ರೂಟರ್ ಕಡೆಯ ಗ್ರೌಂಡನ್ನೂ ಆಂಪ್ಲಿಫೈಯರ್ ಗ್ರೌಂಡನ್ನೂ ಕೂಡಿಸಿ ಲೂಪ್ (ಕರೆಂಟ್ ಸುತ್ತುವ ದಾರಿ) ಮಾಡುತ್ತಿತ್ತು, ಗುಂಯ್ ಅದರಿಂದಲೇ.

ಟಿಕ್ ಟಿಕ್ ಮಾತ್ರ ಉಳಿದಿದೆ. ಲ್ಯಾನ್ ಪೋರ್ಟಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಡಿಸಿಯನ್ನು ತಡೆಯುತ್ತದೆ ನಿಜ. ಆದರೆ ಅದರ ಸುರುಳಿಗಳ ನಡುವಿನ ಕೆಪಾಸಿಟೆನ್ಸ್ ಮೂಲಕ ಹೆಚ್ಚಿನ ಫ್ರೀಕ್ವೆನ್ಸಿಯ ಕಾಮನ್ ಮೋಡ್ ನಾಯ್ಸ್ (ಜೋಡಿಯ ಎರಡೂ ತಂತಿಗಳಲ್ಲಿ ಒಂದೇ ರೀತಿ ಬರುವ ಗದ್ದಲ) ದಾಟಿಬಿಡುತ್ತದೆ. ಅನುಮಾನ ಅದರ ಮೇಲೆಯೇ.

ಈಗ ಸ್ವಿಚ್ ಮತ್ತು ಸ್ಟ್ರೀಮರ್ ನಡುವೆ ಎರಡು ಮೀಡಿಯಾ ಕನ್ವರ್ಟರ್ (ಲ್ಯಾನ್ ಸಿಗ್ನಲನ್ನು ಬೆಳಕಾಗಿಸಿ ಮತ್ತೆ ಮರಳಿಸುವ ಪೆಟ್ಟಿಗೆಗಳು), ಒಂದು ಡ್ಯೂಪ್ಲೆಕ್ಸ್ (ಎರಡು ಎಳೆಯ) ಸಿಂಗಲ್ ಮೋಡ್ ಫೈಬರ್ ಹಾಕಿ ತಾಮ್ರದ ದಾರಿ ಕಡಿಯುವ ಯೋಚನೆ. ಬಲ್ಲವರು ಹೇಳಿ: ಸ್ಟ್ರೀಮರ್ ಕಡೆಯ ಕನ್ವರ್ಟರ್‌ಗೆ ಮಾಮೂಲಿ ಎಸ್‌ಎಂಪಿಎಸ್ (ಸ್ವಿಚಿಂಗ್ ಬಗೆಯ) ಪವರ್ ಅಡಾಪ್ಟರ್ ಕೊಟ್ಟರೆ ಅದರ ಲೀಕೇಜ್ ಕರೆಂಟ್ ಹೊಸ ತಲೆನೋವಾಗುತ್ತದೆಯೇ? ಸ್ವಿಚಿಂಗ್ ಇಲ್ಲದ ಲೀನಿಯರ್ ಪವರ್ ಸಪ್ಲೈ ಅಗತ್ಯವೇ? ಅದಕ್ಕೂ ಮೊದಲು ಯುಎಸ್‌ಬಿ ಬಿಟ್ಟು ಆಪ್ಟಿಕಲ್ ಕೇಬಲ್‌ನಲ್ಲಿ ಡ್ಯಾಕ್ ಜೋಡಿಸಿ ಪರೀಕ್ಷಿಸುವುದು ಒಳ್ಳೆಯದೇ? ದುಬಾರಿ ‘ಆಡಿಯೋಫೈಲ್’ ಸ್ವಿಚ್ ಕೊಳ್ಳಿ ಎನ್ನುವ ಸಲಹೆ ಮಾತ್ರ ದಯವಿಟ್ಟು ಬೇಡ.